ಹಸಿ ಇಂಗಾಲದ ಡೈಆಕ್ಸೈಡ್ ಸಾಗಿಸುವ ಪೈಪಿಗೆ 3 ಮಿ.ಮೀ. ಸವೆತದ ಮೀಸಲಿಟ್ಟ ಕಾರ್ಬನ್ ಸ್ಟೀಲ್ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಅಮೈನ್ ದ್ರಾವಣದ ನೆರವಿನಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಒತ್ತಡ ಏರಿಸಿ, ಒಣಗಿಸಿ ಮುಂದಕ್ಕೆ ಕಳುಹಿಸುವ ಘಟಕವೊಂದರ ಪೈಪಿಂಗ್ ಕೆಲಸವನ್ನು ನನಗೆ ವಹಿಸಲಾಗಿದೆ. ವಸ್ತು ಆಯ್ಕೆಯ ಟಿಪ್ಪಣಿಯನ್ನು ನಾನೇ ಬರೆದು ಸಹಿ ಹಾಕಬೇಕಾಗಿರುವುದು ಇದೇ ಮೊದಲ ಸಲವಾದ್ದರಿಂದ, ಈ ಕ್ಷೇತ್ರದಲ್ಲಿ ಪಳಗಿದವರ ಅಭಿಪ್ರಾಯ ಕೇಳಿ ಮುಂದುವರಿಯುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ.

ಅನಿಲದ ದಾರಿ ಹೀಗಿದೆ. ರೀಜನರೇಟರಿನ (ಅಮೈನ್ ದ್ರಾವಣವನ್ನು ಕಾಯಿಸಿ ಅನಿಲ ಬಿಡಿಸುವ ಗೋಪುರದ) ತಲೆಯಿಂದ ಸುಮಾರು 100 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಹೊರಡುವ ಅನಿಲ ಮತ್ತು ಆವಿಯ ಮಿಶ್ರಣ ಕಂಡೆನ್ಸರಿನಲ್ಲಿ 40 ಡಿಗ್ರಿಗೆ ತಣಿದು ರಿಫ್ಲಕ್ಸ್ ಡ್ರಮ್ಮಿಗೆ (ತಣಿದ ನೀರು ಬೇರಾಗುವ ತೊಟ್ಟಿಗೆ) ಬರುತ್ತದೆ. ಅಲ್ಲಿಂದ 1.1 ಬಾರ್ ನಿರಪೇಕ್ಷ ಒತ್ತಡದಲ್ಲಿ, ನೀರಾವಿಯಿಂದ ಪೂರ್ತಿ ತುಂಬಿದ ಸ್ಥಿತಿಯಲ್ಲಿ, 12 ಇಂಚಿನ ಪೈಪಿನ ಮೂಲಕ ಎರಡು ಹಂತದ ರೆಸಿಪ್ರೊಕೇಟಿಂಗ್ ಕಂಪ್ರೆಸರಿಗೆ ಹೋಗುತ್ತದೆ. ಮೊದಲ ಹಂತ 3 ಬಾರ್, ಎರಡನೆಯ ಹಂತ 8 ಬಾರ್. ಪ್ರತಿ ಹಂತದ ನಂತರವೂ ನೀರಿನ ಕೂಲರಿನಲ್ಲಿ 40 ಡಿಗ್ರಿಗೆ ತಣಿಸಿ, ಸೆಪರೇಟರಿನಲ್ಲಿ ನೀರು ಬೇರ್ಪಡಿಸಲಾಗುತ್ತದೆ. ಕಂಪ್ರೆಸರಿನ ಸಿಲಿಂಡರುಗಳಿಗೆ ಎಣ್ಣೆಯ ಲೂಬ್ರಿಕೇಶನ್ ಇದೆ. ಕೊನೆಗೆ ಮಾಲಿಕ್ಯುಲರ್ ಸೀವ್ (ನೀರಾವಿಯನ್ನು ಹೀರಿ ಹಿಡಿಯುವ ವಸ್ತು) ತುಂಬಿದ ಡ್ರೈಯರಿನಲ್ಲಿ ಇಬ್ಬನಿ ಬಿಂದುವನ್ನು (ನೀರಾವಿ ಹನಿಗಟ್ಟತೊಡಗುವ ತಾಪಮಾನವನ್ನು) ಮೈನಸ್ 40 ಡಿಗ್ರಿಗೆ ಇಳಿಸಲಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಇಲ್ಲ. ಆಮ್ಲಜನಕ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಕಂಪ್ರೆಸರಿನ ನಂತರದ ಪೈಪುಗಳು 6 ಇಂಚು. ಘಟಕದ ಆಯುಷ್ಯವನ್ನು 20 ವರ್ಷವೆಂದು ಹಿಡಿಯಲಾಗಿದೆ.

ನಮ್ಮ ಹಿರಿಯ ಎಂಜಿನಿಯರರೊಬ್ಬರ ಅಭಿಪ್ರಾಯದಲ್ಲಿ ಕಾರ್ಬಾನಿಕ್ ಆಮ್ಲ ಬಹಳ ದುರ್ಬಲವಾದ ಆಮ್ಲವಾದ್ದರಿಂದ ಎ106 ಗ್ರೇಡ್ ಬಿ ಕಾರ್ಬನ್ ಸ್ಟೀಲ್ ಪೈಪಿಗೆ 3 ಮಿ.ಮೀ. ಸವೆತದ ಮೀಸಲು (ಸವೆದುಹೋಗಲೆಂದೇ ಬಿಡುವ ಹೆಚ್ಚುವರಿ ದಪ್ಪ) ಸೇರಿಸಿದರೆ ಸಾಕು. ಪೈಪು ಪೂರೈಸುವವರೊಬ್ಬರು ಎಲ್ಲ ಕಡೆಗೂ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕೆನ್ನುತ್ತಾರೆ. ಮತ್ತೊಬ್ಬರು ಎಫ್‌ಆರ್‌ಪಿ (ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್) ಸಾಕೆಂದು ವಾದಿಸುತ್ತಿದ್ದಾರೆ. ಮೂರರಲ್ಲಿ ಯಾವುದು ಸರಿ? 304ಎಲ್ ಸ್ಟೇನ್‌ಲೆಸ್ ಏಕೆ ಸಾಲದು? ಡ್ರೈಯರಿನ ನಂತರ ಕಾರ್ಬನ್ ಸ್ಟೀಲಿಗೆ ಬದಲಾಯಿಸುವುದಾದರೆ ಆ ಬದಲಾವಣೆಯ ಜಾಗ ಯಾವುದಾಗಿರಬೇಕು?

ಉತ್ತರ 1

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಒತ್ತಡ, ತಾಪಮಾನ, ನೀರಿನ ಸ್ಥಿತಿ ಮೂರನ್ನೂ ಕೊಟ್ಟಿರುವುದರಿಂದ ಅಂಕಿಗಳ ಮೇಲೆಯೇ ಉತ್ತರಿಸಬಹುದು.

ಒಣಗಿದ ಇಂಗಾಲದ ಡೈಆಕ್ಸೈಡ್ ಕಾರ್ಬನ್ ಸ್ಟೀಲಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಪೈಪಿನ ಒಳಗೋಡೆಯ ಮೇಲೆ ದ್ರವರೂಪದ ನೀರು ಕೂತ ಕ್ಷಣದಿಂದ ಕಥೆ ಬೇರೆಯಾಗುತ್ತದೆ. ನಿಮ್ಮ ಹಿರಿಯರು ಹೇಳಿದಂತೆ ಕಾರ್ಬಾನಿಕ್ ಆಮ್ಲ ದುರ್ಬಲವೆಂಬುದು ರಸಾಯನಶಾಸ್ತ್ರದ ಅರ್ಥದಲ್ಲಿ ನಿಜ. ಆದರೆ ದುರ್ಬಲ ಆಮ್ಲವೆಂದರೆ ಸೌಮ್ಯ ಆಮ್ಲ ಎಂದರ್ಥವಲ್ಲ. ಅದರ ಬಹುಭಾಗ ಅಯಾನುಗಳಾಗಿ ಒಡೆಯದೆ ನೀರಿನಲ್ಲಿ ಕಾದು ಕುಳಿತಿರುತ್ತದೆ. ಉಕ್ಕಿನ ಮೇಲ್ಮೈಯಲ್ಲಿ ಹೈಡ್ರೋಜನ್ ಅಯಾನುಗಳು ಖರ್ಚಾದಷ್ಟೂ ಈ ದಾಸ್ತಾನಿನಿಂದ ಹೊಸ ಅಯಾನುಗಳು ಹುಟ್ಟುತ್ತಲೇ ಇರುತ್ತವೆ. ಮೇಲಿನ ಅನಿಲದಿಂದ ದಾಸ್ತಾನೂ ಮರುಭರ್ತಿಯಾಗುತ್ತಿರುತ್ತದೆ. ಒಂದೇ ಪಿಎಚ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ ನೀರಿಗಿಂತ ಕಾರ್ಬಾನಿಕ್ ಆಮ್ಲದ ನೀರು ಉಕ್ಕನ್ನು ಹೆಚ್ಚು ವೇಗವಾಗಿ ತಿನ್ನುವುದು ಇದೇ ಕಾರಣದಿಂದ. ಶುದ್ಧ ನೀರು 25 ಡಿಗ್ರಿಯಲ್ಲಿ, ವಾತಾವರಣದ ಒತ್ತಡದ ಇಂಗಾಲದ ಡೈಆಕ್ಸೈಡಿನಿಂದ ತುಂಬಿದಾಗ ಅದರ ಪಿಎಚ್ ಸುಮಾರು 3.9 ಇರುತ್ತದೆ. ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಈ ಅನಿಲವೊಂದರ ಪಾಲು) ಹತ್ತು ಪಟ್ಟು ಏರಿದಂತೆ ಅದು ಸರಿಸುಮಾರು ಅರ್ಧ ಅಂಕ ಇಳಿಯುವುದರಿಂದ, ನಿಮ್ಮ 8 ಬಾರ್ ಸೆಪರೇಟರಿನ ತಳದಲ್ಲಿರುವ ನೀರಿನ ಪಿಎಚ್ 3.5ರ ಆಸುಪಾಸಿನಲ್ಲಿರುತ್ತದೆ.

ಈಗ ಸವೆತದ ವೇಗ. ಡಿ ವಾರ್ಡ್ ಮತ್ತು ಮಿಲಿಯಮ್ಸ್ 1975ರಲ್ಲಿ ಪ್ರಕಟಿಸಿದ, ಮುಂದೆ 1991ರಲ್ಲಿ ಪರಿಷ್ಕರಿಸಲಾದ ಸೂತ್ರವನ್ನು ಈ ಕ್ಷೇತ್ರದವರೆಲ್ಲ ಮೊದಲ ಅಂದಾಜಿಗೆ ಬಳಸುತ್ತಾರೆ. ಪರಿಷ್ಕೃತ ಸೂತ್ರದ ಪ್ರಕಾರ, ವರ್ಷಕ್ಕೆ ಮಿಲಿಮೀಟರಿನಲ್ಲಿ ಸವೆತದ ವೇಗದ (ಹತ್ತರ ಆಧಾರದ) ಲಾಗರಿದಮ್ ಎಂದರೆ 5.8ರಿಂದ 1710 ಭಾಗಿಸು ಕೆಲ್ವಿನ್ ತಾಪಮಾನವನ್ನು ಕಳೆದು, ಅದಕ್ಕೆ ಬಾರ್‌ನಲ್ಲಿರುವ ಆಂಶಿಕ ಒತ್ತಡದ ಲಾಗರಿದಮ್ಮಿನ 0.67 ಪಟ್ಟನ್ನು ಕೂಡಿಸಿದಾಗ ಬರುವ ಮೊತ್ತ. ನಿಮ್ಮ 40 ಡಿಗ್ರಿಗೆ ಲೆಕ್ಕ ಹಾಕಿದರೆ 1.1 ಬಾರ್ ಪೈಪಿನಲ್ಲಿ ವರ್ಷಕ್ಕೆ ಸುಮಾರು 2.2 ಮಿ.ಮೀ., 3 ಬಾರ್ ಭಾಗದಲ್ಲಿ ಸುಮಾರು 4.5 ಮಿ.ಮೀ., 8 ಬಾರ್ ಭಾಗದಲ್ಲಿ ಸುಮಾರು 8.7 ಮಿ.ಮೀ. ಬರುತ್ತದೆ. 3 ಮಿ.ಮೀ. ಮೀಸಲು 20 ವರ್ಷ ಬಾಳಬೇಕಾದರೆ ವರ್ಷಕ್ಕೆ 0.15 ಮಿ.ಮೀ. ಮೀರಿ ಸವೆಯಬಾರದು, ಈ ಸೂತ್ರದ ಲೆಕ್ಕದಲ್ಲಿ 8 ಬಾರ್ ಭಾಗದ ಮೀಸಲು ನಾಲ್ಕು ತಿಂಗಳಿಗೆ ಮುಗಿಯುತ್ತದೆ.

ಇದು ಮೇಲ್ಮಿತಿಯ ಅಂದಾಜು ಎಂಬುದನ್ನು ಒಪ್ಪಿಕೊಳ್ಳಬೇಕು. ವಾಸ್ತವದಲ್ಲಿ ಕರಗಿದ ಕಬ್ಬಿಣ ನೀರಿನಲ್ಲಿ ಸೇರಿ ಪಿಎಚ್ ಏರುತ್ತದೆ. 60ರಿಂದ 80 ಡಿಗ್ರಿಗಿಂತ ಮೇಲೆ ಕಬ್ಬಿಣದ ಕಾರ್ಬನೇಟಿನ ಪೊರೆಯೊಂದು ಗೋಡೆಗೆ ಕಚ್ಚಿಕೊಂಡು ಸವೆತವನ್ನು ಗಣನೀಯವಾಗಿ ತಗ್ಗಿಸಬಲ್ಲದು. ಆದರೆ ಆ ಎರಡೂ ರಕ್ಷಣೆಗಳು ನಿಮ್ಮ ಪೈಪಿನಲ್ಲಿ ಕೈಕೊಡುತ್ತವೆ. ಕೂಲರಿನ ನಂತರ ಗೋಡೆಯ ಮೇಲೆ ಹನಿಗಟ್ಟುವುದು ಬಟ್ಟಿ ಇಳಿಸಿದಂಥ ನೀರು. ಅದರಲ್ಲಿ ಕ್ಷಾರವೂ ಇಲ್ಲ, ಕಬ್ಬಿಣವೂ ಇಲ್ಲ, ಮತ್ತು ಹೊಸ ನೀರು ಬಂದು ಹಳೆಯದನ್ನು ತೊಳೆದುಕೊಂಡು ಹೋಗುತ್ತಲೇ ಇರುತ್ತದೆ. 40 ಡಿಗ್ರಿಯಲ್ಲಿ ಕಟ್ಟುವ ಪೊರೆ ಸಡಿಲವಾಗಿದ್ದು ನಂಬಿಕೆಗೆ ಅರ್ಹವಲ್ಲ. ಬಿಸಿ ಭಾಗದಲ್ಲಿ ಗಟ್ಟಿ ಪೊರೆ ಕಟ್ಟಿದರೂ, ಎಲ್ಬೋ ಅಥವಾ ವಾಲ್ವಿನ ಬಳಿ ಹರಿವಿನ ಹೊಡೆತಕ್ಕೆ ಅದು ತುಂಡಾಗಿ ಕಿತ್ತುಬಂದರೆ, ಆ ಜಾಗವಷ್ಟೇ ಸಮತಟ್ಟಾದ ತಳ ಮತ್ತು ಕಡಿದಾದ ಅಂಚುಗಳ ಗುಂಡಿಯಾಗಿ ಆಳಕ್ಕಿಳಿಯುತ್ತದೆ. ಮೀಸಲು ದಪ್ಪವೆಂಬುದು ಸಮನಾಗಿ ಸವೆಯುವ ಲೋಹಕ್ಕೆ ಮಾತ್ರ ಅರ್ಥಪೂರ್ಣ. ಹೀಗೆ ಒಂದೇ ಕಡೆ ಕೊರೆಯುವ ಸವೆತಕ್ಕೆ 3 ಮಿ.ಮೀ. ಹೆಚ್ಚುವರಿ ದಪ್ಪ ಒಂದಿಷ್ಟು ಕಾಲಾವಕಾಶ ಕೊಡುತ್ತದೆಯೇ ಹೊರತು ರಕ್ಷಣೆ ಕೊಡುವುದಿಲ್ಲ.

ಸೂತ್ರವನ್ನು ನಂಬದವರಿಗೆ ತೈಲೋದ್ಯಮದ ಹಳೆಯ ಲೆಕ್ಕವೊಂದಿದೆ. ನೀರಿರುವ ಕಡೆ ಆಂಶಿಕ ಒತ್ತಡ 0.5 ಬಾರ್‌ಗಿಂತ ಕಡಿಮೆಯಿದ್ದರೆ ಸವೆತದ ಭಯ ಕಡಿಮೆ, 0.5ರಿಂದ 2 ಬಾರ್ ನಡುವೆ ಸಾಧ್ಯತೆ ಇದೆ, 2 ಬಾರ್ ದಾಟಿದರೆ ಸವೆತ ಖಚಿತ. ನಿಮ್ಮ ಪೈಪುಗಳಲ್ಲಿ ಒಂದೂ ಮೊದಲ ವರ್ಗಕ್ಕೆ ಸೇರುವುದಿಲ್ಲ.

ನೀರು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ; ವಸ್ತು ಆಯ್ಕೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. 40 ಡಿಗ್ರಿಯಲ್ಲಿ ನೀರಿನ ಆವಿಯೊತ್ತಡ 0.074 ಬಾರ್. ಇದರ ಪ್ರಕಾರ ಕಂಪ್ರೆಸರಿಗೆ ಒಳಬರುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿನ ಜೊತೆಗೆ ಸುಮಾರು 29 ಕೆ.ಜಿ. ನೀರಾವಿ ಬರುತ್ತದೆ. ಮೊದಲ ಕೂಲರಿನಲ್ಲಿ ಅದರಲ್ಲಿ 19 ಕೆ.ಜಿ., ಎರಡನೆಯದರಲ್ಲಿ ಇನ್ನೂ ಆರೂವರೆ ಕೆ.ಜಿ. ದ್ರವವಾಗಿ ಬೀಳುತ್ತದೆ, ಡ್ರೈಯರಿಗೆ ಉಳಿಯುವುದು 4 ಕೆ.ಜಿ.ಗೂ ಕಡಿಮೆ. ಕಂಪ್ರೆಸರಿನ ಪ್ರತಿ ಹಂತದ ಹೊರದಾರಿಯಲ್ಲಿ ಅನಿಲ 130 ಡಿಗ್ರಿಯ ಹತ್ತಿರವಿದ್ದು, ಅಲ್ಲಿ ಇಬ್ಬನಿ ಬಿಂದು ಎರಡೂ ಹಂತಗಳಲ್ಲಿ 60 ಡಿಗ್ರಿ ಸುಮಾರಿಗೆ ಬರುತ್ತದೆ. ಆದ್ದರಿಂದ ಕಂಪ್ರೆಸರ್ ಓಡುತ್ತಿರುವಾಗ ಹೊರದಾರಿಯ ಪೈಪು ಒಳಗೆ ಒಣಗಿರುತ್ತದೆ, ಮತ್ತು ಆ ಕಾರಣಕ್ಕೆ ಅಲ್ಲಿ ಕಾರ್ಬನ್ ಸ್ಟೀಲ್ ಹಾಕಿ ಉಳಿತಾಯ ತೋರಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಂಪ್ರೆಸರ್ ನಿಂತಾಗಲೆಲ್ಲ ಆ ಪೈಪು ತಣಿದು ಒಳಗೆ ಬೆವರುತ್ತದೆ. ಹುಟ್ಟಿದ ತುಕ್ಕಿನ ಪುಡಿ ಮರುಚಾಲನೆಯಲ್ಲಿ ಕೂಲರಿನ ಟ್ಯೂಬುಗಳಿಗೂ ಎರಡನೆಯ ಹಂತದ ವಾಲ್ವುಗಳಿಗೂ ಹೋಗಿ ಸೇರುತ್ತದೆ. ಕೆಲವೇ ಮೀಟರ್ ಉದ್ದದ ಪೈಪಿಗಾಗಿ ಕಂಪ್ರೆಸರಿನ ಸುತ್ತ ಎರಡೆರಡು ಕಡೆ ಲೋಹ ಬದಲಾಯಿಸುವುದು ಅಳವಡಿಕೆಯ ಸಮಯದಲ್ಲಿ ತಪ್ಪಿಗೆ ದಾರಿಮಾಡುತ್ತದೆ.

ಹೀಗಾಗಿ ರೀಜನರೇಟರಿನ ತಲೆಯಿಂದ ಡ್ರೈಯರಿನ ಹೊರದಾರಿಯವರೆಗೆ ಆಸ್ಟೆನಿಟಿಕ್ ಸ್ಟೇನ್‌ಲೆಸ್ ಸ್ಟೀಲ್ (304ಎಲ್, 316ಎಲ್ ಸೇರುವ ಬಗೆ) ಹಾಕುವುದು ಸರಿ. ಕಾರ್ಬಾನಿಕ್ ಆಮ್ಲದ ಮಟ್ಟಿಗೆ ಹೇಳುವುದಾದರೆ 304ಎಲ್ ಪೂರ್ತಿ ಸಾಕು. 316ಎಲ್ ಬೇಕೇ ಬೇಡವೇ ಎಂಬುದು ಕ್ಲೋರೈಡಿನ ಪ್ರಶ್ನೆ. ನಿಮ್ಮ ಕೂಲಿಂಗ್ ನೀರು ಎಂಥದ್ದು, ಘಟಕ ಸಮುದ್ರದ ಹತ್ತಿರವಿದೆಯೇ ಎಂಬುದನ್ನು ತಿಳಿಸಿ.

ಖರ್ಚಿನ ಬಗ್ಗೆಯೂ ಒಂದು ಮಾತು. ಕೆ.ಜಿ.ಗೆ ಬೆಲೆ ಹೋಲಿಸಿದರೆ ಸ್ಟೇನ್‌ಲೆಸ್ ದುಬಾರಿಯೆಂದೇ ಕಾಣುತ್ತದೆ. ಆದರೆ 8 ಬಾರ್ ಒತ್ತಡಕ್ಕೆ 6 ಇಂಚಿನ 316ಎಲ್ ಪೈಪಿನಲ್ಲಿ ಲೆಕ್ಕದ ಪ್ರಕಾರ ಬೇಕಾಗುವ ದಪ್ಪ 1 ಮಿ.ಮೀ.ಗಿಂತಲೂ ಕಡಿಮೆ. ಸವೆತದ ಮೀಸಲು ಬೇಡವಾದ್ದರಿಂದ 3.40 ಮಿ.ಮೀ. ದಪ್ಪದ ಶೆಡ್ಯೂಲ್ 10ಎಸ್ ಧಾರಾಳವಾಯಿತು; ಅದರ ತೂಕ ಮೀಟರಿಗೆ ಸುಮಾರು 13.8 ಕೆ.ಜಿ. ಮೀಸಲು ಸೇರಿಸಿದ ಕಾರ್ಬನ್ ಸ್ಟೀಲಿಗೆ ಹಾಕುವ ಶೆಡ್ಯೂಲ್ 40ರ ದಪ್ಪ 7.11 ಮಿ.ಮೀ., ತೂಕ ಮೀಟರಿಗೆ 28 ಕೆ.ಜಿ. ಮೀರುತ್ತದೆ. ಅಂದರೆ ಅರ್ಧ ತೂಕದ ಲೋಹ ಕೊಳ್ಳುತ್ತೀರಿ, ಬೆಸುಗೆಯ ಪ್ರಮಾಣವೂ ಕಡಿಮೆಯಾಗುತ್ತದೆ. ಫ್ಲ್ಯಾಂಜುಗಳಲ್ಲಿ ಸ್ಟೇನ್‌ಲೆಸ್ ಸ್ಟಬ್ ಎಂಡ್ (ಪೈಪಿನ ತುದಿಗೆ ಬೆಸೆಯುವ ಅಂಚಿನ ತುಂಡು) ಜೊತೆಗೆ, ಅದರ ಹಿಂದೆ ಸಡಿಲವಾಗಿ ಕೂರುವ ಕಾರ್ಬನ್ ಸ್ಟೀಲಿನ ಲ್ಯಾಪ್ ಜಾಯಿಂಟ್ ಫ್ಲ್ಯಾಂಜ್ ಬಳಸಿದರೆ ಇನ್ನಷ್ಟು ಉಳಿಯುತ್ತದೆ, ಏಕೆಂದರೆ ಆ ಫ್ಲ್ಯಾಂಜಿಗೆ ಒಳಗಿನ ನೀರು ತಾಗುವುದೇ ಇಲ್ಲ. ಆದರೆ ಕಂಪ್ರೆಸರಿನ ಹತ್ತಿರದ 2 ಇಂಚು ಮತ್ತು ಅದಕ್ಕಿಂತ ಸಣ್ಣ ಕವಲುಗಳಿಗೆ ತೆಳು ಪೈಪು ಬೇಡ. ಕಂಪನಕ್ಕೆ ಬೆಸುಗೆಯ ಬುಡದಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಹೆಚ್ಚು ದಪ್ಪದ ಶೆಡ್ಯೂಲ್ 80ಎಸ್ ಹಾಕಿ, ಆಧಾರವನ್ನೂ ಕೊಡಿ.

ಪ್ರಶ್ನೆ ಕೇಳಿದವರಿಂದ

ತುಂಬ ಧನ್ಯವಾದಗಳು, ಸರ್. ನೀರಿನ ಲೆಕ್ಕವನ್ನು ನಾನೂ ಹಾಕಿ ನೋಡಿದೆ; ಸರಿಹೊಂದಿತು.

ಘಟಕ ಸಮುದ್ರ ತೀರದಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ಕೂಲಿಂಗ್ ಟವರಿನ ನೀರಿನಲ್ಲಿ ಕ್ಲೋರೈಡ್ ಸಾಮಾನ್ಯವಾಗಿ 400 ಪಿಪಿಎಂ, ಬೇಸಿಗೆಯಲ್ಲಿ 600ರವರೆಗೂ ಏರುತ್ತದೆ. ಕೂಲರುಗಳಲ್ಲಿ ನೀರು ಟ್ಯೂಬಿನೊಳಗೆ, ಅನಿಲ ಶೆಲ್ಲಿನಲ್ಲಿ. ಬಿಸಿ ಪೈಪುಗಳಿಗೆ ಕೈ ತಾಗದಂತೆ ಇನ್ಸುಲೇಶನ್ ಸುತ್ತುವ ಯೋಜನೆ ಇದೆ. ಹಾಗಾದರೆ ಎಲ್ಲ ಕಡೆ 316ಎಲ್ ಎಂದು ಬರೆದುಬಿಡಲೇ?

ಉತ್ತರ 2

ಎಲ್ಲ ಕಡೆ 316ಎಲ್ ಎಂದು ಬರೆಯುವುದರಿಂದ ನಷ್ಟವಿಲ್ಲ, ಆದರೆ ಅದರಿಂದ ಯಾವ ತೊಂದರೆ ನೀಗುತ್ತದೆ, ಯಾವುದು ನೀಗುವುದಿಲ್ಲ ಎಂಬುದನ್ನು ತಿಳಿದು ಬರೆಯಬೇಕು.

316ಎಲ್‌ನಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಕ್ಲೋರೈಡಿನಿಂದಾಗುವ ಚುಚ್ಚುತೂತುಗಳನ್ನು ತಡೆಯುವಲ್ಲಿ ನೆರವಾಗುತ್ತದೆ. ಕ್ರೋಮಿಯಂ, ಮಾಲಿಬ್ಡಿನಮ್, ನೈಟ್ರೋಜನ್ ಪ್ರಮಾಣಗಳಿಂದ ಲೆಕ್ಕ ಹಾಕುವ ತೂತು ನಿರೋಧಕ ಅಂಕ 304ಎಲ್‌ಗೆ 18ರಿಂದ 19, 316ಎಲ್‌ಗೆ ಸುಮಾರು 24, 2205 ಡ್ಯೂಪ್ಲೆಕ್ಸಿಗೆ (ಎರಡು ಬಗೆಯ ಹರಳು ರಚನೆ ಬೆರೆತ ಸ್ಟೇನ್‌ಲೆಸ್ ಸ್ಟೀಲಿಗೆ) 34 ಅಥವಾ ಹೆಚ್ಚು, ಸೂಪರ್ ಡ್ಯೂಪ್ಲೆಕ್ಸಿಗೆ 40ಕ್ಕಿಂತ ಹೆಚ್ಚು. ನಿಮ್ಮ ಅನಿಲದಿಂದ ಬೀಳುವ ನೀರಿನಲ್ಲಿ ಕ್ಲೋರೈಡ್ ಇರುವುದೇ ಇಲ್ಲ. ಕೂಲರಿನ ಟ್ಯೂಬ್ ಸೋರಿದಾಗ ಮಾತ್ರ ಅದು ಒಳಸೇರುತ್ತದೆ. ಕೂಲಿಂಗ್ ನೀರಿನ ಒತ್ತಡ 3 ಬಾರ್ ಅನಿಲಕ್ಕಿಂತ ಹೆಚ್ಚಿದ್ದರೆ ಮೊದಲ ಕೂಲರಿನಲ್ಲಿ ನೀರೇ ಅನಿಲದೊಳಗೆ ನುಗ್ಗುತ್ತದೆ, 8 ಬಾರ್ ಕೂಲರಿನಲ್ಲಿ ಬಹುಶಃ ಅನಿಲ ನೀರಿಗೆ ಹೋಗುತ್ತದೆ. ಈ ಒಂದು ಸಾಧ್ಯತೆಗಾಗಿ ಕೂಲರಿನಿಂದ ಸೆಪರೇಟರಿನವರೆಗೂ, ಸೆಪರೇಟರಿನ ಡ್ರೇನ್ ಪೈಪುಗಳಿಗೂ 316ಎಲ್ ಹಾಕುವುದು ನ್ಯಾಯವಾದ ಮುನ್ನೆಚ್ಚರಿಕೆ. ರಿಫ್ಲಕ್ಸ್ ಡ್ರಮ್ಮಿನಿಂದ ಕಂಪ್ರೆಸರಿಗೆ ಹೋಗುವ 12 ಇಂಚಿನ ಪೈಪಿಗೆ 304ಎಲ್ ಸಾಕಾಗುತ್ತದೆ, ಹೊರಗಿನ ಉಪ್ಪುಗಾಳಿಯಿಂದ ಬರುವ ಕಂದು ಕಲೆಗಳನ್ನು ಸಹಿಸಿಕೊಳ್ಳುವುದಾದರೆ.

ನಿಜವಾದ ಅಪಾಯ ಕ್ಲೋರೈಡಿನಿಂದ ಬರುವ ಒತ್ತಡದ ಬಿರುಕು (ಇಲ್ಲಿ ಒತ್ತಡವೆಂದರೆ ಅನಿಲದ್ದಲ್ಲ, ಲೋಹದೊಳಗಿನ ಎಳೆತ). ಲೋಹದ ತಾಪಮಾನ ಸುಮಾರು 60 ಡಿಗ್ರಿ ಮೀರಿ, ಕ್ಲೋರೈಡ್ ಮತ್ತು ನೀರು ಎರಡೂ ತಾಗಿದರೆ, 304ಎಲ್ ಮತ್ತು 316ಎಲ್ ಎರಡೂ ಬಿರುಕು ಬಿಡುತ್ತವೆ. ಇಲ್ಲಿ 316ಎಲ್ ಸ್ವಲ್ಪ ತಡವಾಗಿ ಸೋಲುತ್ತದೆ, ಅಷ್ಟೇ. ನಿಮ್ಮ ಘಟಕದಲ್ಲಿ ಈ ಮೂರೂ ಕೂಡುವ ಜಾಗಗಳು ಎರಡು.

ಮೊದಲನೆಯದು ಕೂಲರಿನ ಟ್ಯೂಬುಗಳ ಬಿಸಿ ತುದಿ. ಹೊರಗೆ 130 ಡಿಗ್ರಿಯ ಅನಿಲ, ಒಳಗೆ 600 ಪಿಪಿಎಂ ಕ್ಲೋರೈಡಿನ ನೀರು. ನೀರು ಚೆನ್ನಾಗಿ ಹರಿಯುತ್ತಿರುವವರೆಗೆ ಗೋಡೆಯ ತಾಪಮಾನ ನೀರಿನ ತಾಪಮಾನಕ್ಕೆ ಹತ್ತಿರವೇ ಇರುತ್ತದೆ. ಆದರೆ ಟ್ಯೂಬಿನೊಳಗೆ ಕೆಸರು ಕೂತರೆ ಅಥವಾ ಹರಿವು ಕಡಿಮೆಯಾದರೆ ಆ ಕೆಸರಿನ ಅಡಿಯಲ್ಲಿ ಗೋಡೆ ಕಾಯುತ್ತದೆ, ಕ್ಲೋರೈಡೂ ಅಲ್ಲೇ ಗಟ್ಟಿಯಾಗುತ್ತ ಹೋಗುತ್ತದೆ. ಈ ಟ್ಯೂಬುಗಳಿಗೆ 2205 ಡ್ಯೂಪ್ಲೆಕ್ಸ್ ಹಾಕಿಸಿ. ಪೈಪಿಗಿಂತ ಕೂಲರಿನ ಟ್ಯೂಬಿಗೆ ಹೆಚ್ಚು ಒಳ್ಳೆಯ ಲೋಹ ಬೇಕೆಂದರೆ ಕೊಳ್ಳುವ ವಿಭಾಗದವರು ಪ್ರಶ್ನಿಸುತ್ತಾರೆ. ಕಾರಣವನ್ನು ಟಿಪ್ಪಣಿಯಲ್ಲೇ ಬರೆದಿಡಿ.

ಎರಡನೆಯದು ಇನ್ಸುಲೇಶನ್ ಸುತ್ತಿದ ಬಿಸಿ ಪೈಪಿನ ಹೊರಮೈ. ಸಮುದ್ರದ ಗಾಳಿಯ ಉಪ್ಪು ಮಳೆನೀರಿನ ಜೊತೆ ಇನ್ಸುಲೇಶನ್ನಿನ ಸಂದುಗಳಿಂದ ಒಳಗಿಳಿದು, ಬಿಸಿ ಲೋಹದ ಮೇಲೆ ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ಒಳಗಿನ ಅನಿಲಕ್ಕೆಂದು ಎಷ್ಟೇ ಎಚ್ಚರದಿಂದ ಲೋಹ ಆರಿಸಿದ್ದರೂ, ಪೈಪು ಹೊರಗಿನಿಂದ ಬಿರುಕು ಬಿಟ್ಟರೆ ಫಲ ಒಂದೇ. ಕೈ ಸುಡದಿರಲಿ ಎಂಬುದಷ್ಟೇ ಉದ್ದೇಶವಾದರೆ ಇನ್ಸುಲೇಶನ್ ತೆಗೆದುಹಾಕಿ, ಸುತ್ತ ಜಾಲರಿಯ ಕಾವಲು ಕಟ್ಟಿಸಿ. ಇನ್ಸುಲೇಶನ್ ಬೇಕೇ ಬೇಕೆಂದಾದರೆ ಕ್ಲೋರೈಡ್ ಕಡಿಮೆಯಿರುವ ಜಾತಿಯನ್ನೇ ತರಿಸಿ, ಪೈಪಿಗೆ ಮೊದಲು ತಾಪಮಾನ ತಡೆಯುವ ಎಪಾಕ್ಸಿ ಫಿನಾಲಿಕ್ ಬಣ್ಣ ಹಚ್ಚಿಸಿ ಅಥವಾ ಅಲ್ಯೂಮಿನಿಯಂ ಹಾಳೆ ಸುತ್ತಿಸಿ.

ಉತ್ತರ 3

ಎಫ್‌ಆರ್‌ಪಿ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಬಹುಕಾಲ ಲೋಹವಲ್ಲದ ಪೈಪುಗಳ ಕೆಲಸ ಮಾಡಿದವನು. ಆದರೂ ಇಲ್ಲಿ ಅದನ್ನು ಸೀಮಿತವಾಗಿ ಮಾತ್ರ ಶಿಫಾರಸು ಮಾಡುತ್ತೇನೆ.

ವೈನಿಲ್ ಎಸ್ಟರ್ ರಾಳದ ಎಫ್‌ಆರ್‌ಪಿಗೆ ಕಾರ್ಬಾನಿಕ್ ಆಮ್ಲದ ನೀರಿನಿಂದ ಯಾವ ಹಾನಿಯೂ ಇಲ್ಲ. 1.1 ಬಾರ್, 40 ಡಿಗ್ರಿಯ 12 ಇಂಚಿನ ಪೈಪಿಗೆ ಅದು ತಾಂತ್ರಿಕವಾಗಿ ಒಪ್ಪುತ್ತದೆ. ಆದರೆ ಕಂಪ್ರೆಸರ್ ಎಳೆಯುವಾಗ ಮುಂದಿನ ವಾಲ್ವ್ ಮುಚ್ಚಿಹೋದರೆ ಪೈಪಿನೊಳಗೆ ನಿರ್ವಾತ ಉಂಟಾಗುತ್ತದೆ, ತೆಳು ಗೋಡೆಯ ಪೈಪು ಕುಸಿಯಬಹುದು. ಆ ಸ್ಥಿತಿಗೂ ದಪ್ಪ ಲೆಕ್ಕ ಹಾಕಿಸಬೇಕು. ಕಂಪ್ರೆಸರಿನ ಕಂಪನ ತಾಗುವ ಕೊನೆಯ ಕೆಲವು ಮೀಟರುಗಳನ್ನು ಲೋಹದಲ್ಲೇ ಉಳಿಸಬೇಕು. ರೀಜನರೇಟರಿನ 100 ಡಿಗ್ರಿಯ ತಲೆಪೈಪಿಗೆ, ಕಂಪ್ರೆಸರಿನ ನಂತರದ ಯಾವ ಭಾಗಕ್ಕೂ ಎಫ್‌ಆರ್‌ಪಿ ಬೇಡ. ಪಿವಿಸಿ ಪೈಪಿನಲ್ಲಿ ಒತ್ತಡದ ಅನಿಲ ಸಾಗಿಸುವ ಯೋಚನೆ ಯಾರಾದರೂ ಮುಂದಿಟ್ಟರೆ ಕಡ್ಡಾಯವಾಗಿ ತಿರಸ್ಕರಿಸಿ. ಒಳಗೆ ತುಂಬಿದ ಅನಿಲದ ಶಕ್ತಿಯಿಂದ ಅದು ಒಡೆದಾಗ ಚೂರುಗಳು ಗುಂಡಿನಂತೆ ಹಾರುತ್ತವೆ. ಒತ್ತಡವಿಲ್ಲದೆ ಹರಿಯುವ, ತಣಿದ ಡ್ರೇನ್ ನೀರಿನ ಪೈಪಿಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಚೆನ್ನಾಗಿ ಬಾಳುತ್ತದೆ. ಆ ನೀರು ಕಾಂಕ್ರೀಟನ್ನೂ ತಿನ್ನುವುದರಿಂದ ಬರಿ ಸಿಮೆಂಟಿನ ಚರಂಡಿಗೆ ನೇರವಾಗಿ ಬಿಡಬೇಡಿ. ಸತು ಲೇಪಿಸಿದ ಜಿಐ ಪೈಪು, ಹಿತ್ತಾಳೆಯ ವಾಲ್ವುಗಳು ಈ ಸೇವೆಯಲ್ಲಿ ಎಲ್ಲಿಯೂ ನುಸುಳದಂತೆ ನೋಡಿಕೊಳ್ಳಿ.

ರಬ್ಬರಿನ ಸೀಲುಗಳ ವಿಷಯ ಪೈಪಿನ ಟಿಪ್ಪಣಿಯಲ್ಲಿ ಬರುವುದೇ ಅಪರೂಪ, ಸೋರಿಕೆ ಮಾತ್ರ ಅಲ್ಲಿಂದಲೇ ಬರುತ್ತದೆ. ಇಂಗಾಲದ ಡೈಆಕ್ಸೈಡ್ ರಬ್ಬರಿನೊಳಗೆ ಸುಲಭವಾಗಿ ಕರಗುತ್ತದೆ. ಹೆಚ್ಚಿನ ಒತ್ತಡದಲ್ಲಿ ಕರಗಿದ ಅನಿಲ, ಒತ್ತಡವನ್ನು ಒಮ್ಮೆಲೇ ಇಳಿಸಿದಾಗ ಹೊರಬರಲು ದಾರಿ ಸಿಗದೆ ಸೀಲನ್ನು ಒಳಗಿನಿಂದಲೇ ಸೀಳುತ್ತದೆ. 8 ಬಾರ್‌ನಲ್ಲಿ ಈ ಭಯ ಹೆಚ್ಚಿಲ್ಲ. ಆದರೆ ಮುಂದೆ ಒತ್ತಡ ಏರಿಸುವ ಯೋಜನೆಯಿದ್ದರೆ ಈಗಲೇ ಗಮನದಲ್ಲಿಡಿ. ಹಸಿ ಇಂಗಾಲದ ಡೈಆಕ್ಸೈಡಿಗೆ ಇಪಿಡಿಎಂ ಒಳ್ಳೆಯ ರಬ್ಬರು ಎಂದು ಕೋಷ್ಟಕಗಳಲ್ಲಿ ಓದುತ್ತೀರಿ. ನಿಮ್ಮ ಕಂಪ್ರೆಸರಿನಲ್ಲಿ ಎಣ್ಣೆ ಇದೆ. ಖನಿಜ ಎಣ್ಣೆ ತಾಗಿದರೆ ಇಪಿಡಿಎಂ ಉಬ್ಬಿ ಕೆಡುತ್ತದೆ. ಆದ್ದರಿಂದ ಕಂಪ್ರೆಸರಿನ ನಂತರ ಎಚ್‌ಎನ್‌ಬಿಆರ್ (ಎಣ್ಣೆ ತಡೆಯುವ ರಬ್ಬರು) ಅಥವಾ ಪಿಟಿಎಫ್‌ಇ (ಟೆಫ್ಲಾನ್) ಸೀಟುಗಳ ವಾಲ್ವ್ ಆರಿಸಿ. ಫ್ಲ್ಯಾಂಜುಗಳಿಗೆ 316ಎಲ್ ಸುರುಳಿ, ಗ್ರಾಫೈಟ್ ತುಂಬಿದ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ ಸಾಕು.

ಉತ್ತರ 4

ಡ್ರೈಯರಿನ ನಂತರ ಲೋಹ ಬದಲಾಯಿಸುವ ಜಾಗದ ಪ್ರಶ್ನೆಗೆ ಬರುತ್ತೇನೆ.

ನಾರ್ವೆಯ ಸಮುದ್ರದಾಳದ ಎರಡು ಯೋಜನೆಗಳು ಇದಕ್ಕೆ ಒಳ್ಳೆಯ ಜೋಡಿ ಉದಾಹರಣೆ. ಸ್ಲೈಪ್ನರ್‌ನಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಒಣಗಿಸದೆಯೇ ಭೂಮಿಯೊಳಗೆ ತುಂಬಲಾಗುತ್ತಿದ್ದು, ಅದಕ್ಕಾಗಿ ಬಾವಿಯ ಕೊಳವೆಗೆ ಶೇ. 25 ಕ್ರೋಮಿಯಂನ ಡ್ಯೂಪ್ಲೆಕ್ಸ್ ಉಕ್ಕನ್ನು ಬಳಸಿದ್ದಾರೆ. ಸ್ನೋವಿಟ್‌ನಲ್ಲಿ ತೀರದಲ್ಲೇ ಅನಿಲವನ್ನು ಒಣಗಿಸಿ, ಸುಮಾರು 150 ಕಿಲೋಮೀಟರ್ ಉದ್ದದ ಕಾರ್ಬನ್ ಸ್ಟೀಲ್ ಪೈಪಿನಲ್ಲಿ ಕಳುಹಿಸುತ್ತಾರೆ. ದೂರ ಹೆಚ್ಚಿದ್ದಾಗ ಒಣಗಿಸುವುದು ಅಗ್ಗ, ದೂರ ಕಡಿಮೆಯಿದ್ದಾಗ ಒಳ್ಳೆಯ ಲೋಹ ಅಗ್ಗ. ನಿಮ್ಮಲ್ಲಿ ಡ್ರೈಯರ್ ಹೇಗೂ ಇರುವುದರಿಂದ ಅದರ ನಂತರ ಕಾರ್ಬನ್ ಸ್ಟೀಲ್ ಹಾಕಬಹುದು. ಆದರೆ ಕಾರ್ಬನ್ ಸ್ಟೀಲಿನ ಆಯುಷ್ಯ ಆ ಕ್ಷಣದಿಂದ ಡ್ರೈಯರಿನ ನಡತೆಗೆ ಒಪ್ಪಿಸಿದಂತೆ ಎಂಬುದನ್ನು ನೆನಪಿಡಬೇಕು. ಡ್ರೈಯರಿನ ಹೊರದಾರಿಯಲ್ಲಿ ಸದಾ ಅಳೆಯುವ ಇಬ್ಬನಿ ಬಿಂದು ಮಾಪಕ ಇರಲಿ. ಅದರ ಎಚ್ಚರಿಕೆ ಬಂದಾಗ ತಾನಾಗಿ ಮುಚ್ಚುವ ವಾಲ್ವಿನವರೆಗೂ ಸ್ಟೇನ್‌ಲೆಸ್ ಮುಂದುವರಿಯಲಿ. ಲೋಹ ಬದಲಾಗುವುದು ಆ ವಾಲ್ವಿನ ಆಚೆಯ ಫ್ಲ್ಯಾಂಜಿನಲ್ಲಿ ಆಗಲಿ, ಮತ್ತು ಆ ಜಾಗ ಎತ್ತರದಲ್ಲಿದ್ದು ಹಿಂದಕ್ಕೆ ಇಳಿಜಾರಾಗಿರಲಿ. ಹಸಿ ಸ್ಥಿತಿಯಲ್ಲಿ ಸ್ಟೇನ್‌ಲೆಸ್ ಜೊತೆ ಜೋಡಿಸಿದ ಕಾರ್ಬನ್ ಸ್ಟೀಲ್ ಒಂಟಿಯಾಗಿರುವುದಕ್ಕಿಂತ ವೇಗವಾಗಿ ಸವೆಯುತ್ತದೆ. ಆ ಕೂಡಿನಲ್ಲಿ ನೀರು ನಿಲ್ಲಬಾರದು.

ಡ್ರೈಯರಿನ ಸುತ್ತ ಬಹುತೇಕರು ಮರೆಯುವ ಒಂದು ಪೈಪಿದೆ. ಮಾಲಿಕ್ಯುಲರ್ ಸೀವನ್ನು ಮರಳಿ ಒಣಗಿಸಲು ಬಿಸಿ ಅನಿಲ ಹಾಯಿಸಿದಾಗ, ಅದು ಸೀವ್ ಹಿಡಿದಿಟ್ಟ ನೀರನ್ನೆಲ್ಲ ಹೊತ್ತು ಹೊರಬರುತ್ತದೆ; ಆಮೇಲೆ ಅದನ್ನು ತಣಿಸಿ ಕಂಪ್ರೆಸರಿನ ಒಳದಾರಿಗೆ ಹಿಂತಿರುಗಿಸುತ್ತಾರೆ. ಇಡೀ ಘಟಕದಲ್ಲಿ ಅತ್ಯಂತ ಒದ್ದೆಯಾದ ಅನಿಲ ಹರಿಯುವ ಪೈಪುಗಳಲ್ಲಿ ಇದೂ ಒಂದು. ನಾನು ಕೆಲಸ ಮಾಡಿದ ಒಂದು ಸ್ಥಾವರದ ನಕ್ಷೆಯಲ್ಲಿ ಈ ಪೈಪು ಡ್ರೈಯರಿನ ನಂತರದ ಗುಂಪಿಗೆ ಸೇರಿಹೋಗಿದ್ದರಿಂದ ಕಾರ್ಬನ್ ಸ್ಟೀಲಿನಲ್ಲೇ ಹಾಕಲಾಗಿತ್ತು. ಎರಡನೆಯ ವರ್ಷ ಅದರ ಕೂಲರಿನ ನಂತರದ ಎಲ್ಬೋ ತಳಭಾಗದಲ್ಲಿ ತೂತು ಬಿತ್ತು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿದ್ದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇ. 4 ತಲುಪಿದರೆ ತಕ್ಷಣ ಜೀವಕ್ಕೆ ಅಪಾಯವೆಂದು ಪರಿಗಣಿಸುತ್ತಾರೆ. ಆ ಪೈಪಿನ ಕೆಳಗೆ ವಾಲ್ವಿನ ಗುಂಡಿಯೊಂದಿತ್ತು, ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ನಾನು ಯಾವ ನಕ್ಷೆ ನೋಡಿದರೂ ಈ ಪೈಪನ್ನು ಮೊದಲು ಹುಡುಕುತ್ತೇನೆ. ಅದೇ ರೀತಿ ಸುರಕ್ಷತಾ ವಾಲ್ವಿನ ಒಳದಾರಿ, ಬೈಪಾಸ್, ಲೆವೆಲ್ ಗೇಜಿನ ಕಾಲುಗಳು ಮುಂತಾಗಿ ಹರಿವಿಲ್ಲದೆ ತಣ್ಣಗೆ ನಿಂತು ಬೆವರುವ ಕವಲುಗಳೂ ಮುಖ್ಯ ಪೈಪಿನ ಲೋಹದಲ್ಲೇ ಇರಬೇಕು.

ಒತ್ತಡ ಇಳಿಯುವಾಗಿನ ತಂಪಿನ ಬಗ್ಗೆ ಯಾರೂ ಹೇಳಿಲ್ಲ. 8 ಬಾರ್ ಅನಿಲವನ್ನು ಹೊರಬಿಟ್ಟಾಗ ಕೆಲವೇ ಡಿಗ್ರಿ ತಣಿಯುತ್ತದೆ, ಅದರ ಚಿಂತೆ ಬೇಡ. ಮುಂದಿನ ಘಟಕದಲ್ಲಿ ಅದನ್ನು ದ್ರವವಾಗಿಸುವುದಾದರೆ ಮಾತ್ರ ವಿಷಯ ಬೇರೆ. 5.18 ಬಾರ್‌ಗಿಂತ ಕೆಳಗೆ ದ್ರವ ರೂಪ ಉಳಿಯುವುದೇ ಇಲ್ಲ. ವಾತಾವರಣಕ್ಕೆ ಬಿಟ್ಟ ದ್ರವ ಮೈನಸ್ 78.5 ಡಿಗ್ರಿಯ ಒಣ ಮಂಜುಗಡ್ಡೆಯಾಗುತ್ತದೆ. ಎ106 ಗ್ರೇಡ್ ಬಿ ಪೈಪನ್ನು ಸಾಮಾನ್ಯವಾಗಿ ಮೈನಸ್ 29 ಡಿಗ್ರಿಗಿಂತ, ಎ333 ಗ್ರೇಡ್ 6 ಪೈಪನ್ನು ಮೈನಸ್ 46 ಡಿಗ್ರಿಗಿಂತ ಕೆಳಗೆ ಬಳಸುವುದಿಲ್ಲ. 304ಎಲ್ ಮತ್ತು 316ಎಲ್ ಆ ತಂಪಿನಲ್ಲೂ ಗಟ್ಟಿತನ ಕಳೆದುಕೊಳ್ಳುವುದಿಲ್ಲ. 2205 ಡ್ಯೂಪ್ಲೆಕ್ಸ್ ಅಲ್ಲಿ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ನಕ್ಷೆಯನ್ನು ಈಗಷ್ಟೇ ತೆರೆದು ನೋಡಿದೆ. ನಮ್ಮಲ್ಲೂ ಆ ಮರಳಿ ಒಣಗಿಸುವ ಅನಿಲದ ಪೈಪು ಡ್ರೈಯರಿನ ನಂತರದ ಕಾರ್ಬನ್ ಸ್ಟೀಲ್ ಗುಂಪಿನಲ್ಲೇ ಇದೆ. ಇವತ್ತೇ ತಿದ್ದುತ್ತೇನೆ. ಹಿರಿಯರಿಗೆ ಸವೆತದ ಲೆಕ್ಕ ತೋರಿಸಿದೆ. 304ಎಲ್ ಮತ್ತು 316ಎಲ್ ಹಂಚಿಕೆಯನ್ನು ಅವರು ಒಪ್ಪಿದ್ದಾರೆ, ಕೂಲರಿನ ಟ್ಯೂಬುಗಳಿಗೆ 2205 ಎಂಬುದನ್ನೂ ಒಪ್ಪಿದ್ದಾರೆ. ಕೊನೆಯದಾಗಿ, ಸ್ಥಳದಲ್ಲಿ ಬೆಸುಗೆ ಮತ್ತು ನೀರಿನ ಪರೀಕ್ಷೆ ಮಾಡುವವರಿಗೆ ಏನೇನು ಷರತ್ತು ಬರೆಯಬೇಕು?

ಉತ್ತರ 1 ಬರೆದವರಿಂದ

ಬೆಸುಗೆಯ ಒಳಬದಿಗೆ ಆರ್ಗಾನ್ ತುಂಬಿಸಿಯೇ ಮೊದಲ ಪದರ ಹಾಕಬೇಕೆಂದೂ, ನೀಲಿ ಅಥವಾ ಕಪ್ಪು ಬಣ್ಣ ತಿರುಗಿದ ಭಾಗವನ್ನು ಪಿಕ್ಲಿಂಗ್ ಮಾಡಿ (ಆಮ್ಲದಿಂದ ತೊಳೆದು) ತೆಗೆಯಬೇಕೆಂದೂ ಬರೆಯಿರಿ. ಆ ಬಣ್ಣದ ಅಡಿಯ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಕಾರ್ಬನ್ ಸ್ಟೀಲಿಗೆ ಬಳಸಿದ ಗ್ರೈಂಡಿಂಗ್ ಚಕ್ರ ಮತ್ತು ತಂತಿ ಬ್ರಷ್ಷನ್ನು ಸ್ಟೇನ್‌ಲೆಸ್ಸಿಗೆ ತಾಗಿಸಕೂಡದು. ಅಳವಡಿಸಿದ ಪ್ರತಿ ಪೈಪು, ಎಲ್ಬೋ, ವಾಲ್ವನ್ನು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣದಿಂದ ಪರೀಕ್ಷಿಸಲಿ. ಅದು ಮಾಲಿಬ್ಡಿನಮ್ ಅಳೆದು 304ನ್ನೂ 316ನ್ನೂ ಬೇರ್ಪಡಿಸಿ ತೋರಿಸುತ್ತದೆ, ಆದರೆ ಇಂಗಾಲವನ್ನು ಅಳೆಯಲಾರದು. ಎಲ್ (ಇಂಗಾಲ ಕಡಿಮೆಯಿರುವ) ದರ್ಜೆ ಹೌದೋ ಅಲ್ಲವೋ ಎಂಬುದಕ್ಕೆ ಕಾರ್ಖಾನೆಯ ಪ್ರಮಾಣಪತ್ರವನ್ನು ನೋಡಬೇಕು, ಅನುಮಾನವಿದ್ದರೆ ಕಿಡಿ ಹಾಯಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ತರಿಸಬೇಕು.

ನೀರಿನ ಪರೀಕ್ಷೆಗೆ ಕ್ಲೋರೈಡ್ 50 ಪಿಪಿಎಂ ಮೀರದ ನೀರನ್ನೇ ಬಳಸಬೇಕು. ನಿಮ್ಮ ಕೂಲಿಂಗ್ ಟವರಿನ ನೀರು ಹತ್ತಿರದಲ್ಲಿದೆಯೆಂದು ಅದನ್ನೇ ತುಂಬುವ ಸಾಧ್ಯತೆ ಇರುವುದರಿಂದ, ತುಂಬುವ ಮೊದಲು ಅಳತೆಯ ವರದಿ ಕೊಡಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಪರೀಕ್ಷೆ ಮುಗಿದೊಡನೆ ನೀರನ್ನು ಪೂರ್ತಿ ಬಸಿದು, ತಗ್ಗಿನ ಡ್ರೇನುಗಳನ್ನೆಲ್ಲ ತೆರೆದು, ಒಣ ಗಾಳಿ ಊದಿಸಬೇಕು. ವಾರಗಟ್ಟಲೆ ನಿಂತ ಪರೀಕ್ಷೆಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಘಟಕ ಚಾಲನೆಗೆ ಬರುವ ಮೊದಲೇ ಬೆಸುಗೆಯ ಅಂಚಿನಲ್ಲಿ ಹೊಸ ಸ್ಟೇನ್‌ಲೆಸ್ ಪೈಪು ತೂತಾಗುವುದುಂಟು. ಡ್ರೈಯರಿನ ಆಚೆಯ ಕಾರ್ಬನ್ ಸ್ಟೀಲ್ ಭಾಗಕ್ಕೆ ಒಣಗಿಸುವುದು ಇನ್ನೂ ಮುಖ್ಯ. ಅಲ್ಲಿನ ಗಾಳಿಯ ಇಬ್ಬನಿ ಬಿಂದುವನ್ನು ಅಳೆದು ದಾಖಲಿಸಿದ ಮೇಲೆಯೇ ಇಂಗಾಲದ ಡೈಆಕ್ಸೈಡ್ ಬಿಡತಕ್ಕದ್ದು ಎಂದು ಚಾಲನೆಯ ಪಟ್ಟಿಯಲ್ಲಿ ಸೇರಿಸಿ.